ಗದ್ದ, ದವಡೆ, ನಾಲಿಗೆ: ಒಂದು ಚಿಕ್ಕ ಚರಿತ್ರೆ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಕೆಲಸ, ಓಡಾಟ, ಸೋಮಾರಿತನ.. ಎಲ್ಲ ಇದ್ದದ್ದೇ. ಈ ಸಲ ಮತ್ತೆ ಕೂತು ಬರೆಯುವಂತೆ ಮಾಡಿದ್ದು ನನ್ನ ಅಕ್ಕನ ಮಗ. ಅವನ ಗದ್ದ ಅಂದರೂ ತಪ್ಪಿಲ್ಲ :)

ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ ಬರುತ್ತೆ. ಯಾವ ಕಡೆ ತಿರುಗಿದರೂ ತೆಂಗಿನ ತೋಟ. ಅಕ್ಕನ ಮನೆಯವರೂ ಹಬ್ಬಕ್ಕೆ ಬಂದಿದ್ದರು. ಅವಳ ಮಗನಿಗೆ ಈಗ ಹದಿನೇಳು. ಮೊದಲೆಲ್ಲ ನಾನು ಬಂದರೆ "ಮಾವ ಮಾವ" ಅಂತ ತಲೆ ತಿನ್ನುತ್ತಿದ್ದ ಹುಡುಗ ಈ ಸಲ ಬಾಯೇ ಬಿಡಲಿಲ್ಲ. ಒಬ್ಬಟ್ಟು ಬಡಿಸಿದರೆ ತಲೆ ಆಡಿಸುತ್ತಾನೆ. ಏನಾದರೂ ಕೇಳಿದರೆ ತೋರುಬೆರಳನ್ನು ತುಟಿ ಮೇಲಿಟ್ಟು, ಆಮೇಲೆ ಅದೇ ಬೆರಳಲ್ಲಿ ಕಿವಿಯ ಕೆಳಗಿನಿಂದ ಗದ್ದದವರೆಗೆ ಒಂದು ಗೆರೆ ಎಳೆದು ತೋರಿಸುತ್ತಾನೆ!

ನಮ್ಮವ್ವ ಗಾಬರಿಯಾದಳು. "ಯಾಕ್ಲಾ ಮಗ, ಬಾಯಲ್ಲೇನಾದ್ರೂ ಹುಣ್ಣಾಗೈತಾ? ಹಲ್ಲು ನೋವಾ?" ಅಂತ ಕೇಳಿದಳು. ಅಕ್ಕ ನಕ್ಕು, "ಏನೂ ಇಲ್ಲ ಕಣವ್ವ, ಅದೇನೋ ಮ್ಯೂಯಿಂಗ್ ಅಂತೆ. ನಾಲಿಗೆ ಮೇಲಕ್ಕೆ ಒತ್ತಿಟ್ಟುಕೊಂಡ್ರೆ ಗದ್ದ ಚೂಪಾಗುತ್ತಂತೆ. ಮಾತಾಡಿದ್ರೆ ನಾಲಿಗೆ ಜಾರುತ್ತಲ್ಲ, ಅದಕ್ಕೆ ಮಾತು ಬಂದ್" ಅಂದಳು. ಎಲ್ಲರೂ ನಕ್ಕೆವು. ಹುಡುಗನಿಗೆ ಸಿಟ್ಟು ಬಂತು. ಮೌನ ಮುರಿದು ಅವ್ವನ ಕಡೆ ತಿರುಗಿ, "ಎಲ್ಲಾ ನಿನ್ನಿಂದ್ಲೇ ಅಜ್ಜಿ. ಚಿಕ್ಕೋನಿದ್ದಾಗ ಎಣ್ಣೆನೀರು ಹಾಕ್ತಾ ನೀನು ಸರಿಯಾಗಿ ಗದ್ದ ತಿದ್ದಿದ್ರೆ ನನಗ್ಯಾಕೆ ಈ ಕರ್ಮ?" ಅಂದುಬಿಟ್ಟ.

ಅವ್ವ ಏನೂ ಅನ್ನಲಿಲ್ಲ. ಸುಮ್ಮನೆ ಎದ್ದು ಒಳಕ್ಕೆ ಹೋದಳು. ರಾತ್ರಿ ಸರಿಯಾಗಿ ಉಣ್ಣಲೂ ಇಲ್ಲ. ನಮ್ಮೂರಿನ ಅರ್ಧ ಮಕ್ಕಳಿಗೆ ಎಣ್ಣೆನೀರು ಹಾಕಿದ ಕೈ ಅದು. ಎಂಬತ್ತರ ಹತ್ತಿರ ಬಂದ ಮೇಲೆ ಮೊಮ್ಮಗನ ಬಾಯಲ್ಲಿ ಈ ಮಾತು ಕೇಳಬೇಕಾಯಿತು. ಬೆಂಗಳೂರಿಗೆ ಬಂದ ಮೇಲೂ ಅವ್ವನ ಮುಖ ಕಣ್ಣ ಮುಂದೆ ಇತ್ತು. ನಾಲಿಗೆ ಒತ್ತಿದರೆ ಗದ್ದ ಬದಲಾಗುತ್ತದಾ? ಅಜ್ಜಿಯ ಬೆರಳಿಂದ ಗದ್ದ ಆಗುತ್ತದಾ, ಕೆಡುತ್ತದಾ? ಹುಡುಕುತ್ತಾ ಹೋದೆ. ಎರಡೂವರೆ ಸಾವಿರ ವರ್ಷದ ಹಿಂದಕ್ಕೆ ಹೋಗಿ ಮತ್ತೆ ನಮ್ಮ ಮನೆ ಬಚ್ಚಲಿಗೇ ಬಂದು ನಿಂತೆ. ಆ ಕಥೆ ಇದು.

ಅವ್ವನ ಬಚ್ಚಲು

ಮೊದಲು ನಮ್ಮ ಕಡೆ ಕೂಸಿಗೆ ನೀರು ಹಾಕುವ ರೀತಿ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ, ಗೊತ್ತಿಲ್ಲದವರಿಗಾಗಿ.

ಬೆಳಿಗ್ಗೆ ಬೇಗ ನೀರೊಲೆಗೆ ತೆಂಗಿನ ಮಟ್ಟೆ, ಚಿಪ್ಪು ತುಂಬಿ ಹಂಡೆ ನೀರು ಕಾಯಿಸುವುದು. ಅಜ್ಜಿ ಬಚ್ಚಲಲ್ಲಿ ಮಣೆ ಮೇಲೆ ಕೂತು ಎರಡೂ ಕಾಲು ಉದ್ದಕ್ಕೆ ಚಾಚಿಕೊಳ್ಳುತ್ತಾಳೆ. ಆ ಎರಡು ಕಾಲಿನ ನಡುವಿನ ಹಳ್ಳವೇ ಕೂಸಿನ ತೊಟ್ಟಿಲು. ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಹಚ್ಚಿ ಕೈಕಾಲು ಎಳೆದು, ಬೆನ್ನು ನೀವಿ, ಆಮೇಲೆ ಮುಖಕ್ಕೆ ಬರುತ್ತಾಳೆ. ಹೆಬ್ಬೆರಳು ತೋರುಬೆರಳಲ್ಲಿ ಮೂಗು ಎಳೆಯುವುದು, ಅಂಗೈಯಲ್ಲಿ ಹಣೆ ಒತ್ತುವುದು, ಎರಡೂ ಕಡೆಯಿಂದ ದವಡೆ ಸವರಿ ತಂದು ಗದ್ದವನ್ನು ಚಿವುಟಿದ ಹಾಗೆ ಮುಂದಕ್ಕೆ ತೆಗೆಯುವುದು. ಕೊನೆಗೆ ಬೆರಳನ್ನು ಎಣ್ಣೆಯಲ್ಲಿ ಅದ್ದಿ ಬಾಯೊಳಗೆ ಹಾಕಿ ಅಂಗುಳ ಒತ್ತುವುದು. ಕೂಸು ಕಿರುಚಿ ಬಚ್ಚಲು ಹಾರಿಹೋಗುವಂತೆ ಅಳುತ್ತೆ. ಆಮೇಲೆ ಸಾಂಬ್ರಾಣಿ ಹೊಗೆ, ಗಟ್ಟಿಯಾಗಿ ಬಟ್ಟೆ ಸುತ್ತಿ ಮಲಗಿಸಿದರೆ ಮಧ್ಯಾಹ್ನದವರೆಗೆ ನಿದ್ದೆ. ತಲೆ ಗುಂಡಗಾಗಲಿ ಅಂತ ಸಾಸಿವೆ ತುಂಬಿದ ಪುಟ್ಟ ದಿಂಬು.

ಇದರಲ್ಲಿ ಬರೀ ಅಂದದ ಆಸೆ ಅಷ್ಟೇ ಇರಲಿಲ್ಲ. ಅಂಗುಳ ಒತ್ತಿದರೆ ಕೂಸು ಚೆನ್ನಾಗಿ ಹಾಲು ಚೀಪುತ್ತೆ, ಮಾತು ಸ್ಪಷ್ಟ ಬರುತ್ತೆ ಅನ್ನುವ ನಂಬಿಕೆ ಅವ್ವನದು. ಈಗಿನ ಮಕ್ಕಳ ಡಾಕ್ಟರುಗಳು ಬಾಯೊಳಗೆ ಬೆರಳು ಹಾಕಬೇಡಿ, ಸೋಂಕು ತಗಲುತ್ತೆ ಅನ್ನುತ್ತಾರೆ. ಮೂಗಿಗೆ, ಬಾಯಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ ಅನ್ನುತ್ತಾರೆ. ಅವೆರಡೂ ನಿಜ, ಮಾಡಬಾರದು. ಆದರೆ ಈ ಬಚ್ಚಲಿನ ಲೆಕ್ಕಾಚಾರ ನೋಡಿ: ಮುಖ ಅನ್ನುವುದು ಹುಟ್ಟಿದಾಗ ಪೂರ್ತಿ ಆಗಿರುವುದಿಲ್ಲ, ಅಂಗುಳಕ್ಕೂ ಗದ್ದಕ್ಕೂ ಏನೋ ಸಂಬಂಧ ಇದೆ, ಒತ್ತಿದರೆ ಬದಲಾಗುತ್ತದೆ. ಈಗಿನ ಹುಡುಗರು ಫೋನಿನಲ್ಲಿ ನೋಡಿ ಮಾಡುತ್ತಿರುವುದೂ ಇದೇ ಲೆಕ್ಕಾಚಾರದ ಮೇಲೆ. ಬೆರಳಿನ ಜಾಗಕ್ಕೆ ನಾಲಿಗೆ ಬಂದಿದೆ, ಅಷ್ಟೆ.

ನಾಲಿಗೆ ಎಲ್ಲಿಡಬೇಕು?

ಮ್ಯೂಯಿಂಗ್ ಮಾಡುವ ವಿಧಾನ ಇಷ್ಟು. ಬಾಯಿ ಮುಚ್ಚಬೇಕು. ಹಲ್ಲು ಹಗುರವಾಗಿ ತಾಗಿರಬೇಕು. ಉಸಿರಾಟ ಮೂಗಿನಲ್ಲಿ. ನಾಲಿಗೆಯ ತುದಿ ಮಾತ್ರ ಅಲ್ಲ, ಪೂರ್ತಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರಬೇಕು. ಕನ್ನಡದವರಿಗೆ ಹೇಳುವುದು ಸುಲಭ. "ನ" ಅನ್ನುವಾಗ ನಾಲಿಗೆಯ ತುದಿ ಎಲ್ಲಿ ತಾಗುತ್ತದೋ ಅಲ್ಲೇ ತುದಿ, ನಾವ್ಯಾರೂ ಬಳಸದ ಆ "ಙ" ಅನ್ನುವಾಗ ನಾಲಿಗೆಯ ಹಿಂಭಾಗ ಎಲ್ಲಿಗೆ ಏಳುತ್ತದೋ ಅಲ್ಲಿ ಹಿಂಭಾಗ. ಎರಡೂ ಒಟ್ಟಿಗೆ. ದಿನವಿಡೀ ಹಾಗೇ ಇಟ್ಟುಕೊಂಡರೆ ಮೇಲ್ದವಡೆ ಅಗಲವಾಗಿ ಮುಂದಕ್ಕೆ ಬಂದು, ಕೆಳದವಡೆಯ ಗೆರೆ ಎದ್ದು ಕಾಣುತ್ತದೆ ಅನ್ನುವುದು ಭರವಸೆ.

ನಾಲಿಗೆಯನ್ನು ಅಂಗುಳಕ್ಕೆ ಒತ್ತುವುದು ಹೊಸದೇನಲ್ಲ. ಪಾಲಿ ಭಾಷೆಯ ಮಜ್ಝಿಮ ನಿಕಾಯದಲ್ಲಿ ಬುದ್ಧ ತನ್ನ ಹಳೆಯ ತಪಸ್ಸಿನ ಕಥೆ ಹೇಳುತ್ತಾನೆ. ಜ್ಞಾನೋದಯಕ್ಕೆ ಮುಂಚೆ ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮನಸ್ಸನ್ನು ಹಿಡಿದು ಬಗ್ಗಿಸಲು ನೋಡಿದನಂತೆ. ಕಂಕುಳಿಂದ ಬೆವರು ಇಳಿಯಿತು, ಮೈ ದಣಿಯಿತು, ಬಯಸಿದ್ದು ಸಿಗಲಿಲ್ಲ. ಕೊನೆಗೆ ಅಂಥ ಕಠಿಣ ತಪಸ್ಸನ್ನೆಲ್ಲ ಬಿಟ್ಟ. ಕೆಟ್ಟ ಯೋಚನೆ ಹತ್ತಿಕ್ಕಲು ಬೇರೆ ಯಾವ ಉಪಾಯವೂ ನಡೆಯದಿದ್ದಾಗ ಇದನ್ನು ಮಾಡಿ ಅಂತ ಭಿಕ್ಷುಗಳಿಗೆ ಹೇಳುವ ಇನ್ನೊಂದು ಸುತ್ತವೂ ಅದರಲ್ಲೇ ಇದೆ.

ಆಮೇಲೆ ಹಠಯೋಗಿಗಳು ಬಂದರು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಸುಮಾರು 15ನೇ ಶತಮಾನದ ಗ್ರಂಥ. ಅದರಲ್ಲಿ ಪದ್ಮಾಸನದ ವಿವರಣೆ ಓದಿದಾಗ ನನಗೆ ನಗು ಬಂತು. ನಾಲಿಗೆಯನ್ನು ಮುಂದಿನ ಹಲ್ಲುಗಳ ಬುಡಕ್ಕೆ ಒತ್ತಿ, ಗದ್ದವನ್ನು ಎದೆಗೆ ತಂದು ಕೂರಬೇಕಂತೆ. ನಮ್ಮ ಹುಡುಗನ ನಾಲಿಗೆಯೂ ಹೆಚ್ಚುಕಡಿಮೆ ಅದೇ ಜಾಗದಲ್ಲಿದೆ! ಅದೇ ಗ್ರಂಥದ ಖೇಚರಿ ಮುದ್ರೆ ಇನ್ನೂ ಭಯಂಕರ. ನಾಲಿಗೆಯ ಕೆಳಗಿನ ನರವನ್ನು ಏಳು ದಿನಕ್ಕೊಮ್ಮೆ ಕೂದಲಷ್ಟು ಕೊಯ್ದು, ಸೈಂಧವ ಲವಣ ಮತ್ತು ಅಳಲೆಕಾಯಿ ಪುಡಿ ತಿಕ್ಕಿ, ಆರು ತಿಂಗಳು ಹೀಗೇ ಮಾಡಿ, ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳದ ಮೇಲಿನ ರಂಧ್ರಕ್ಕೆ ಸೇರಿಸುವುದು. (ದಯವಿಟ್ಟು ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ.) ಹಾಗೆ ಮಾಡಿದವನಿಗೆ ರೋಗ ಇಲ್ಲ, ನಿದ್ದೆ ಇಲ್ಲ, ಹಸಿವಿಲ್ಲ, ಸಾವೂ ಇಲ್ಲ ಅನ್ನುತ್ತದೆ ಗ್ರಂಥ. ತಲೆಯಿಂದ ತೊಟ್ಟಿಕ್ಕುವ ಅಮೃತ ಕೆಳಗಿಳಿದು ವ್ಯರ್ಥವಾಗದಂತೆ ನಾಲಿಗೆಯಿಂದ ತಡೆಯುವುದು ಅದರ ಉದ್ದೇಶ.

ಇದೆಲ್ಲ ಎಲ್ಲೋ ಹಿಮಾಲಯದ ಸಂಗತಿ ಅಂತ ತಿಳಿಯಬೇಡಿ. ಆ ಗ್ರಂಥದ ಶುರುವಿನಲ್ಲೇ ಹಠಯೋಗದ ಮಹಾಸಿದ್ಧರ ಪಟ್ಟಿ ಇದೆ. ಅದರಲ್ಲಿ ನಮ್ಮ ಅಲ್ಲಮ ಪ್ರಭುದೇವರ ಹೆಸರಿದೆ. ತುರುವೇಕೆರೆಗೆ ಅಂಟಿಕೊಂಡ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥಪಂಥದ ಹಳೆಯ ನೆಲೆ. ಹಠಯೋಗವನ್ನು ನಾಡಿನುದ್ದಕ್ಕೂ ಹರಡಿದವರು ನಾಥಯೋಗಿಗಳೇ. ಇನ್ನೊಂದು ಪಕ್ಕದಲ್ಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ, ಶಿವಯೋಗಿ ತೋಂಟದ ಸಿದ್ಧಲಿಂಗರ ಗದ್ದುಗೆ ಇದೆ. ನಮ್ಮ ತೆಂಗಿನ ಸೀಮೆಯ ಸುತ್ತಲೇ ಯೋಗದ ಮಾತು ನೂರಾರು ವರ್ಷದಿಂದ ಇದೆ.

ಒಂದು ಮಾತ್ರ ಗಮನಿಸಬೇಕು. ಬುದ್ಧನಿಗೆ ಬೇಕಾಗಿದ್ದು ಮನಸ್ಸಿನ ಹಿಡಿತ. ಯೋಗಿಗೆ ಬೇಕಾಗಿದ್ದು ಅಮೃತ. ನಾಲಿಗೆ ಹೀಗೆ ಇಟ್ಟರೆ ಗದ್ದ ಚೂಪಾಗುತ್ತೆ, ನೋಡಿದವರು ಮೆಚ್ಚುತ್ತಾರೆ ಅನ್ನುವ ಆಸೆ ಇಬ್ಬರಲ್ಲೂ ಇಲ್ಲ. ಈ ಆಸೆ ಎಲ್ಲಿಂದ ಬಂತು?

ಮುರಿದ ದವಡೆಯ ದೇವರು

ದವಡೆಯನ್ನು ಹೊಗಳುವ ಮಾತು ನಮ್ಮ ಹಳಬರಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬುದ್ಧನಿಗೆ ಹೇಳುವ ಮೂವತ್ತೆರಡು ಮಹಾಪುರುಷ ಲಕ್ಷಣಗಳಲ್ಲಿ ಸಿಂಹದಂಥ ದವಡೆಯೂ ಒಂದು. ಉದ್ದವಾದ ನಾಲಿಗೆಯೂ ಒಂದು! ಆದರೆ ನಮ್ಮ ಕಡೆ ಶಿಲ್ಪಿಗಳು ಕಡೆದಿಟ್ಟ ಮುಖಗಳನ್ನು ನೋಡಿ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿ ಇದೆ. ತುರುವೇಕೆರೆಯಲ್ಲೂ ಹೊಯ್ಸಳರ ಗುಡಿಗಳಿವೆ. ಆ ಗೋಡೆಗಳ ಮೇಲಿನ ದೇವರು, ದೇವತೆಯರ ಮುಖ ದುಂಡಗೆ, ಕೆನ್ನೆ ತುಂಬಿಕೊಂಡು, ಗದ್ದ ಮೆತ್ತಗೆ ಸಣ್ಣಗೆ ಇರುತ್ತೆ. ಈಗಿನ ಹುಡುಗರು ಹುಡುಕುವ, ಚಾಕುವಿನಿಂದ ಕೊಯ್ದಂಥ ದವಡೆಯ ಗೆರೆ ಅಲ್ಲಿ ಎದ್ದು ಕಾಣುವುದಿಲ್ಲ. 13ನೇ ಶತಮಾನದ ಶಿಲ್ಪಿಗೆ ನಮ್ಮ ಹುಡುಗನ ಗದ್ದ ತೋರಿಸಿದ್ದರೆ "ಇದರಲ್ಲಿ ತಿದ್ದೋದೇನಿದೆ?" ಅನ್ನುತ್ತಿದ್ದನೇನೋ.

ಇನ್ನೊಂದು. ಯಾವ ಹಳ್ಳಿಗೆ ಹೋದರೂ ಮೊದಲು ಸಿಗುವುದು ಆಂಜನೇಯನ ಗುಡಿ. ಅವನ ಇನ್ನೊಂದು ಹೆಸರು ಹನುಮಂತ. "ಹನು" ಅಂದರೆ ದವಡೆ. ಕೂಸಾಗಿದ್ದಾಗ ಸೂರ್ಯನನ್ನು ಹಣ್ಣು ಅಂದುಕೊಂಡು ಹಾರಿದ, ಇಂದ್ರ ವಜ್ರಾಯುಧದಲ್ಲಿ ಹೊಡೆದ, ಬೆಟ್ಟದ ಮೇಲೆ ಬಿದ್ದು ಎಡದವಡೆ ಮುರಿಯಿತು, ಅದರಿಂದಲೇ ಆ ಹೆಸರು ಬಂತು ಅನ್ನುತ್ತದೆ ವಾಲ್ಮೀಕಿ ರಾಮಾಯಣ. ಶನಿವಾರ ಶನಿವಾರ ನಾವು ಎಣ್ಣೆ ದೀಪ ಹಚ್ಚಿ ಕೈಮುಗಿಯುವುದು ಮುರಿದ ದವಡೆಯಿಂದ ಹೆಸರು ಪಡೆದ ದೇವರಿಗೆ! ಅವನ ಗದ್ದ ಸರಿಯಿಲ್ಲ ಅಂತ ಯಾರೂ ಬೇರೆ ದೇವರನ್ನು ಹುಡುಕಿಕೊಂಡು ಹೋಗಿಲ್ಲ.

ಇಂಗ್ಲೆಂಡಿನ ಅಪ್ಪ ಮಗ

ಈಗಿನ ಕಥೆಯ ಬೇರು ಪಶ್ಚಿಮದಲ್ಲಿದೆ. ಅಲ್ಲಿ ಶುರು ಮಾಡಿದವನು ದಂತವೈದ್ಯನೂ ಅಲ್ಲ, ಚಿತ್ರಕಾರ. ಜಾರ್ಜ್ ಕ್ಯಾಟ್ಲಿನ್ ಅಂತ ಅಮೆರಿಕದವನು. 1830ರ ದಶಕದಲ್ಲಿ ಅಲ್ಲಿಯ ಮೂಲನಿವಾಸಿಗಳ ನಡುವೆ ಓಡಾಡಿ ಅವರ ಚಿತ್ರ ಬರೆದ. ಆ ತಾಯಂದಿರು ಹಾಲು ಕುಡಿದು ಮಲಗಿದ ಕೂಸಿನ ತುಟಿಗಳನ್ನು ಬೆರಳಿನಿಂದ ಮುಚ್ಚುವುದನ್ನು ನೋಡಿದ. 1860ರ ದಶಕದಲ್ಲಿ ಒಂದು ಪುಸ್ತಕವನ್ನೇ ಬರೆದ. ಬಾಯಿ ತೆರೆದು ಉಸಿರಾಡುವುದರಿಂದಲೇ ನಾಗರಿಕರ ಹಲ್ಲು, ಮುಖ, ಆರೋಗ್ಯ ಕೆಡುತ್ತಿದೆ ಅನ್ನುವುದು ಅವನ ವಾದ. ಬಾಯಿ ಮುಚ್ಚಿ, ಜೀವ ಉಳಿಸಿಕೊಳ್ಳಿ ಅನ್ನುವ ಅರ್ಥದ ಹೆಸರಿನಲ್ಲಿ ಆ ಪುಸ್ತಕ ಮತ್ತೆ ಅಚ್ಚಾಯಿತು. ಅವನು ವಿಪರೀತ ಉತ್ಪ್ರೇಕ್ಷೆ ಮಾಡಿದ, ಆದರೆ ನೋಡಿದ್ದು ಪೂರ್ತಿ ಸುಳ್ಳಲ್ಲ.

1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ ಮಕ್ಕಳ ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್ ಗಡ್ಡೆಯ ಬಗ್ಗೆ ಬರೆದ. ಅದು ದೊಡ್ಡದಾದರೆ ಮೂಗು ಕಟ್ಟುತ್ತೆ, ಮಗು ಬಾಯಲ್ಲಿ ಉಸಿರಾಡುತ್ತೆ, ಗೊರಕೆ ಹೊಡೆಯುತ್ತೆ. ಮುಂದೆ ವೈದ್ಯರು "ಅಡಿನಾಯ್ಡ್ ಮುಖ" ಅಂತಲೇ ಒಂದು ಹೆಸರು ಇಟ್ಟರು: ಉದ್ದ ಮುಖ, ಸದಾ ತೆರೆದ ತುಟಿ, ಇಕ್ಕಟ್ಟಾದ ಮೇಲ್ದವಡೆ, ಹಿಂದೆ ಸರಿದ ಗದ್ದ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಂತವೈದ್ಯ ಆಲ್ಫ್ರೆಡ್ ರೋಜರ್ಸ್ ಮುಖದ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಹಲ್ಲು ಸಾಲು ತಿದ್ದಬಹುದು ಅಂತ ಹೇಳಿದ.

ಇದೇ ಎಳೆ ಹಿಡಿದವರು ಇಂಗ್ಲೆಂಡಿನ ಜಾನ್ ಮ್ಯೂ. 1928ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡರು. ಸಸೆಕ್ಸ್‌ನಲ್ಲಿ ನೀರಿನ ಕಂದಕ ಸಮೇತ ಒಂದು ಕೋಟೆಯನ್ನೇ ಕಟ್ಟಿಕೊಂಡಿದ್ದ ಆಸಾಮಿ! ಹಲ್ಲು ಕಿತ್ತು ತಂತಿ ಕಟ್ಟುವ ಪದ್ಧತಿಯನ್ನು ವಿರೋಧಿಸಿ, ಮಕ್ಕಳು ಬೆಳೆಯುವಾಗಲೇ ನಾಲಿಗೆ ಮತ್ತು ತುಟಿಯ ಭಂಗಿ ಸರಿಮಾಡಿದರೆ ದವಡೆ ತಾನಾಗಿ ಸರಿಬೆಳೆಯುತ್ತದೆ ಅಂದರು. ಅದಕ್ಕೆ ಆರ್ಥೊಟ್ರಾಪಿಕ್ಸ್ ಅಂತ ಹೆಸರಿಟ್ಟರು. ತಮ್ಮ ವೃತ್ತಿಬಾಂಧವರನ್ನು ಜಾಹೀರಾತಿನಲ್ಲಿ ಹಳಿದದ್ದಕ್ಕಾಗಿ 2017ರಲ್ಲಿ ಅವರ ಪರವಾನಗಿ ಹೋಯಿತು. ಮಗ ಮೈಕ್ ಮ್ಯೂ ಯೂಟ್ಯೂಬಿಗೆ ಬಂದ ಮೇಲೆ ಇದು ಊರೂರು ಸೇರಿತು. ಅವರ ಮನೆತನದ ಹೆಸರೇ ಕ್ರಿಯಾಪದವಾಗಿ "ಮ್ಯೂಯಿಂಗ್" ಆಯಿತು. ಮಕ್ಕಳಿಗೆ ಕೊಟ್ಟ ಚಿಕಿತ್ಸೆಯ ಬಗ್ಗೆ ವಿಚಾರಣೆ ನಡೆದು, 2024ರಲ್ಲಿ ಬ್ರಿಟನ್ನಿನ ಜನರಲ್ ಡೆಂಟಲ್ ಕೌನ್ಸಿಲ್‌ನ ಸಮಿತಿ ಮಗನ ಹೆಸರನ್ನೂ ದಂತವೈದ್ಯರ ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿತು.

ಇಲ್ಲೊಂದು ತಿರುವು ಇದೆ. ಅಪ್ಪ ಹೇಳಿದ್ದು ಮುಖ್ಯವಾಗಿ ಬೆಳೆಯುವ ಮಕ್ಕಳ ಬಗ್ಗೆ. ಅದು ಹರಡುತ್ತಾ ಹರಡುತ್ತಾ ಮೀಸೆ ಬಂದ ಹುಡುಗರ ಸೌಂದರ್ಯ ಸಾಧನೆ ಆಯಿತು. "ಮುಂಚೆ", "ಆಮೇಲೆ" ಅಂತ ಎರಡು ಫೋಟೋ ಹಾಕುತ್ತಾರೆ. ಹದಿನೈದು ಮತ್ತು ಹತ್ತೊಂಬತ್ತರ ನಡುವೆ ಹುಡುಗನ ದವಡೆ ತಾನಾಗಿಯೇ ಬೆಳೆಯುತ್ತೆ, ಕೆನ್ನೆಯ ಕೊಬ್ಬು ತಾನಾಗಿಯೇ ಇಳಿಯುತ್ತೆ. ಗದ್ದ ಸ್ವಲ್ಪ ಎತ್ತಿ, ಬೆಳಕು ಪಕ್ಕದಿಂದ ಬಿದ್ದರೆ ಎಂಥವನಿಗೂ ದವಡೆಯ ಗೆರೆ ಬರುತ್ತೆ. ಅಷ್ಟೇ ಅಲ್ಲ, ನಾಲಿಗೆ ಮೇಲೆ ಒತ್ತಿದ ಕ್ಷಣ ಗದ್ದದ ಕೆಳಗಿನ ಮಾಂಸ ಬಿಗಿಯುತ್ತೆ. ಕನ್ನಡಿ ಮುಂದೆ ನಿಂತು ನಾನೂ ಮಾಡಿ ನೋಡಿದೆ, ಬಿಗಿಯುವುದು ನಿಜ :) ಬಿಟ್ಟರೆ ಮತ್ತೆ ಮೊದಲಿನ ಹಾಗೇ.

ಹಾಗಾದರೆ ನಿಜ ಎಷ್ಟು?

ನನಗೆ ಅರ್ಥವಾದದ್ದನ್ನು ಸರಳವಾಗಿ ಹೇಳುತ್ತೇನೆ.

ಅಮೆರಿಕದ ವಿಲಿಯಂ ಪ್ರಾಫಿಟ್ ಹಲ್ಲು ಸಾಲಿನ ಬಗ್ಗೆ ಪಠ್ಯಪುಸ್ತಕ ಬರೆದ ದೊಡ್ಡ ವಿದ್ವಾಂಸ. 1978ರ ಲೇಖನದಲ್ಲಿ ಆತ ಹೇಳಿದ ತತ್ವ ಇದು: ಹಲ್ಲನ್ನು ಸರಿಸುವುದು ಬಲದ ಜೋರಲ್ಲ, ಬಲ ಎಷ್ಟು ಹೊತ್ತು ಇರುತ್ತದೆ ಅನ್ನುವುದು. ದಿನಕ್ಕೆ ಹಲವು ಗಂಟೆ ಇರುವ ಸಣ್ಣ ಒತ್ತಡ ಹಲ್ಲನ್ನು ಸರಿಸುತ್ತೆ. ಕ್ಷಣಮಾತ್ರದ ದೊಡ್ಡ ಒತ್ತಡ ಏನೂ ಮಾಡುವುದಿಲ್ಲ. ಉಗುಳು ನುಂಗುವಾಗ ನಾಲಿಗೆ ಜೋರಾಗಿ ಒತ್ತಿದರೂ ಅದು ಲೆಕ್ಕಕ್ಕಿಲ್ಲ. ಸುಮ್ಮನಿರುವಾಗ ತುಟಿ, ನಾಲಿಗೆ ಎಲ್ಲಿ ಇರುತ್ತವೆ ಅನ್ನುವುದೇ ಲೆಕ್ಕ.

ಈ ಮಾಪನ ಹಿಡಿದು ಅವ್ವನ ಬಚ್ಚಲಿಗೆ ಬನ್ನಿ. ಕೂಸಿನ ಗದ್ದ ಅವ್ವ ನೀವುತ್ತಿದ್ದದ್ದು ದಿನಕ್ಕೆ ಒಂದೆರಡು ನಿಮಿಷ. ಅದರಿಂದ ಗದ್ದ ಆಗುವುದೂ ಇಲ್ಲ, ಕೆಡುವುದೂ ಇಲ್ಲ. ಆದರೆ ತಲೆಯ ಮಾತು ಬೇರೆ. ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ, ದಿನದಲ್ಲಿ ಬಹಳ ಹೊತ್ತು ಒಂದೇ ಕಡೆ ಒರಗಿ ಮಲಗಿದರೆ ತಲೆಯ ಆಕಾರ ಬದಲಾಗುತ್ತೆ. ಅಲ್ಲೂ ಲೆಕ್ಕ ಗಂಟೆಗಳದ್ದೇ.

ಇನ್ನು ಬಾಯಲ್ಲಿ ಉಸಿರಾಡುವುದು. ಎಗಿಲ್ ಹಾರ್ವೊಲ್ಡ್ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಮರಿ ಕೋತಿಗಳ ಮೂಗಿಗೆ ಸಿಲಿಕೋನ್ ಬೆಣೆ ಹಾಕಿ ಪರೀಕ್ಷೆ ಮಾಡಿದ. ಓದಿದರೆ ಪಾಪ ಅನ್ನಿಸುತ್ತೆ. ಬಾಯಿ ತೆರೆದೇ ಇರಬೇಕಾಗಿ ಬಂದ ಆ ಕೋತಿಗಳ ದವಡೆ, ಹಲ್ಲು ಸಾಲು ಬದಲಾದವು. ಒಂದೊಂದು ಒಂದೊಂದು ರೀತಿ ಬದಲಾದವು. ಸ್ವೀಡನ್ನಿನ ಲಿಂಡರ್ ಆರೊನ್ಸನ್ 1970ರಲ್ಲಿ ಅಡಿನಾಯ್ಡ್ ಇರುವ ಮಕ್ಕಳ ಮುಖ, ದವಡೆ ಅಳೆದು, ಬೇರೆ ಮಕ್ಕಳಿಗಿಂತ ವ್ಯತ್ಯಾಸ ಇದೆ ಅಂತ ತೋರಿಸಿದರು. ಇದರಿಂದಲೇ ಎಲ್ಲ ಅಂತ ಯಾರೂ ಹೇಳುವುದಿಲ್ಲ. ಅಪ್ಪ ಅಮ್ಮನಿಂದ ಬಂದ ಮುಖ ಅನ್ನುವುದು ಒಂದು ಇದ್ದೇ ಇದೆ. ಆದರೆ ಮೂಗು ಕಟ್ಟಿ ವರ್ಷಗಟ್ಟಲೆ ಬಾಯಿ ತೆರೆದು ಮಲಗುವ ಮಗುವಿನ ನಾಲಿಗೆ ಅಂಗುಳಕ್ಕೆ ತಾಗಿರುವುದಿಲ್ಲ, ಕೆಳಗೆ ಬಿದ್ದಿರುತ್ತೆ. ದಿನಕ್ಕೆ ಎಂಟು ಹತ್ತು ಗಂಟೆ. ವರ್ಷಗಟ್ಟಲೆ. ಅದೂ ಮೂಳೆ ಬೆಳೆಯುವ ವಯಸ್ಸಿನಲ್ಲಿ.

ಅಗಿಯುವ ಕೆಲಸದ್ದೂ ಒಂದು ಪಾಲಿದೆ ಅನ್ನುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಕೊರುಚಿನಿ ಮತ್ತು ಜೊತೆಯವರು ಚಂಡೀಗಢದ ಸುತ್ತಿನ ಹಳ್ಳಿ ಹಾಗೂ ನಗರದ ಯುವಜನರ ಹಲ್ಲು ಸಾಲು ಹೋಲಿಸಿ 1983ರಲ್ಲಿ ಪ್ರಕಟಿಸಿದರು. ಗಟ್ಟಿ ಊಟ ಅಗಿಯುವ ಹಳ್ಳಿಯವರಿಗಿಂತ ಮೆತ್ತನೆಯ ಊಟದ ನಗರದವರಲ್ಲಿ ವಕ್ರ ಹಲ್ಲು ಹೆಚ್ಚು ಕಂಡಿತು. ನನಗೆ ನಮ್ಮ ಕೊಬ್ಬರಿ ನೆನಪಾಯಿತು. ಅಟ್ಟದ ಮೇಲೆ ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರು ಇಂಗಿ, ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅನ್ನುವ ಉಂಡೆ ಕೊಬ್ಬರಿ. ಚಿಕ್ಕವರಿದ್ದಾಗ ಒಂದು ಹೋಳು ಕೊಬ್ಬರಿ, ಒಂದು ಉಂಡೆ ಬೆಲ್ಲ ಕೊಟ್ಟರೆ ಅರ್ಧ ಗಂಟೆ ದವಡೆಗೆ ಕೆಲಸ. ಈಗ ಕೊಬ್ಬರಿ ನೇರ ತಿಪಟೂರು ಮಾರುಕಟ್ಟೆಗೆ ಹೋಗುತ್ತೆ, ಮಕ್ಕಳ ಕೈಗೆ ಬಾಯಲ್ಲಿಟ್ಟರೆ ಕರಗುವ ಬಿಸ್ಕತ್ತು ಬರುತ್ತೆ.

ಹಾಗಂತ ಹದಿನೇಳರ ಹುಡುಗ ಇವತ್ತು ಕೊಬ್ಬರಿ ಅಗಿದರೆ, ನಾಲಿಗೆ ಒತ್ತಿದರೆ ಮೂಳೆ ಬದಲಾಗುತ್ತದಾ? ಇಲ್ಲ. ಅಂಗುಳದ ಎರಡು ಭಾಗಗಳ ನಡುವಿನ ಸಂದು ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ಬಿಗಿಯುತ್ತಾ ಬರುತ್ತೆ. ಆಮೇಲೆ ನಾಲಿಗೆಯ ಶಕ್ತಿಗೆ ಅದು ಜಗ್ಗುವುದಿಲ್ಲ. 2019ರಲ್ಲಿ ಅಮೆರಿಕದ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರ ಪತ್ರಿಕೆಯಲ್ಲಿ ಮ್ಯೂಯಿಂಗ್ ಬಗ್ಗೆಯೇ ಲೇಖನ ಬಂತು. ಅಲ್ಲಿಯ ಆರ್ಥೊಡಾಂಟಿಸ್ಟರ ಸಂಘವೂ ಇದರಿಂದ ದವಡೆ ಬದಲಾಗುತ್ತೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂದಿದೆ. ನಿಜವಾಗಿ ದವಡೆ ಹಿಂದಿದ್ದರೆ ಬೆಳೆಯುವ ವಯಸ್ಸಿನಲ್ಲಿ ಬಾಯಿಗೆ ಹಾಕುವ ಸಾಧನಗಳಿವೆ, ದೊಡ್ಡವರಾದ ಮೇಲೆ ತಂತಿ ಮತ್ತು ಶಸ್ತ್ರಚಿಕಿತ್ಸೆ. ನಡುವೆ ಅಡ್ಡದಾರಿ ಇಲ್ಲ.

ನಾನು ಹೇಳಬೇಕಾದ ಮಾತು

ಇಲ್ಲಿಯವರೆಗೆ ಓದುತ್ತಾ ಬಂದಾಗ ನನಗೊಂದು ನೆನಪು ಕುಟುಕತೊಡಗಿತ್ತು. ಅದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಮ್ಮ ಹುಡುಗ ನಾಲ್ಕೈದು ವರ್ಷದವನಿದ್ದಾಗ ಬೇಸಿಗೆ ರಜೆಗೆ ಅವ್ವನ ಹತ್ತಿರ ಬರುತ್ತಿದ್ದ. ಸದಾ ಮೂಗು ಕಟ್ಟಿರುತ್ತಿತ್ತು. ರಾತ್ರಿ ಬಾಯಿ ತೆರೆದು ಮಲಗುತ್ತಿದ್ದ, ದೊಡ್ಡವರ ಹಾಗೆ ಗೊರಕೆ. ಅವ್ವ ನಡುರಾತ್ರಿ ಎದ್ದು ಅವನ ಗದ್ದವನ್ನು ಕೈಯಲ್ಲಿ ಹಿಡಿದು ಬಾಯಿ ಮುಚ್ಚಿಸುತ್ತಿದ್ದಳು. ಬಿಟ್ಟ ತಕ್ಷಣ ಮತ್ತೆ ತೆರೆಯುತ್ತಿತ್ತು. "ಈ ಕೂಸು ಬಾಯಿ ತಕ್ಕೊಂಡು ಮಲಗ್ತದೆ ಕಣ್ರೋ, ಮೂಗಲ್ಲೇನೋ ಐತೆ, ಒಸಿ ತೋರಿಸ್ರೋ" ಅಂತ ಒಂದಲ್ಲ, ಮೂರು ಬೇಸಿಗೆ ಹೇಳಿದಳು. ಅಕ್ಕ ಒಂದು ಸಲ ಒಬ್ಬ ಡಾಕ್ಟರ ಹತ್ತಿರ ಕರಕೊಂಡು ಹೋದಳು. ಶೀತದ ಸಿರಪ್ ಬರೆದುಕೊಟ್ಟು ಕಳಿಸಿದರು. ಆಮೇಲೆ ಅವ್ವ ಮತ್ತೆ ಹೇಳಿದಾಗ ನಾನೇ, ಈ ಬಾಯಲ್ಲೇ, "ದೊಡ್ಡೋನಾದ್ರೆ ಸರಿಹೋಗುತ್ತೆ ಬಿಡವ್ವ, ನಿಂದೊಂದು" ಅಂದಿದ್ದೆ.

ಕ್ಯಾಟ್ಲಿನ್ ನೋಡಿದ ತಾಯಂದಿರು ಮಾಡುತ್ತಿದ್ದದ್ದನ್ನೇ ನಮ್ಮವ್ವ ಮಾಡುತ್ತಿದ್ದಳು. ಮೇಯರ್ ಬರೆದದ್ದನ್ನೇ ಅವಳು ಅವಳ ಮಾತಲ್ಲಿ ಹೇಳುತ್ತಿದ್ದಳು. ಪುಸ್ತಕ ಓದಿದ ನಾವು ಕೇಳಲಿಲ್ಲ. ಬಚ್ಚಲಲ್ಲಿ ಗದ್ದ ತಿದ್ದಲಿಲ್ಲ ಅಂತ ಬೈಸಿಕೊಂಡವಳು ಅವಳು.

ಕಳೆದ ತಿಂಗಳು ಹುಡುಗನನ್ನು ಕರಕೊಂಡು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ, ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅಡಿನಾಯ್ಡ್ ಈ ವಯಸ್ಸಿಗೆ ಸಾಮಾನ್ಯವಾಗಿ ಕುಗ್ಗಿಹೋಗಿರುತ್ತೆ, ಇವನದೂ ಹಾಗೇ ಆಗಿದೆ. ಮೇಲ್ದವಡೆ ಸ್ವಲ್ಪ ಇಕ್ಕಟ್ಟು, ಕೆಳದವಡೆ ಸ್ವಲ್ಪ ಹಿಂದೆ. ಇದರಲ್ಲಿ ಮೂಗಿನ ಪಾಲೆಷ್ಟು, ವಂಶದ ಪಾಲೆಷ್ಟು ಅಂತ ಕೇಳಿದೆ. ಅದನ್ನು ಬೇರ್ಪಡಿಸಿ ಹೇಳಲು ಆಗುವುದಿಲ್ಲ ಅಂದರು. ನಮ್ಮಪ್ಪನದೂ ಇಂಥದೇ ಗದ್ದ. ತಂತಿ ಹಾಕಿಸಿದರೆ ಹಲ್ಲು ಸಾಲು ಸರಿಹೋಗುತ್ತೆ, ಗದ್ದ ಬೇಕೇ ಬೇಕು ಅಂದರೆ ಬೆಳವಣಿಗೆ ಪೂರ್ತಿ ನಿಂತ ಮೇಲೆ ಯೋಚಿಸೋಣ, ಮಾತಾಡಲು ಊಟ ಮಾಡಲು ಏನೂ ತೊಂದರೆ ಇಲ್ಲವಲ್ಲ ಅಂದರು. ಮ್ಯೂಯಿಂಗ್ ಬಗ್ಗೆ ಅವನೇ ಕೇಳಿದ. "ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡೋದು ಒಳ್ಳೇದೇ. ಆದರೆ ಜೋರಾಗಿ ಒತ್ತಬೇಡ, ದವಡೆ ಕೀಲು ನೋವು ಬರುತ್ತೆ" ಅಂದರು.

ಬರುವಾಗ ಬಸ್ಸಿನಲ್ಲಿ ಅವನಿಗೆ ಆ ಮೂರು ಬೇಸಿಗೆಯ ಕಥೆ ಹೇಳಿದೆ. ನಾನು ಅಂದ ಮಾತನ್ನೂ ಹೇಳಿದೆ. ಅವನು ಏನೂ ಅನ್ನಲಿಲ್ಲ, ಕಿಟಕಿ ಕಡೆ ತಿರುಗಿಕೊಂಡ. ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ.

ಊರಿಗೆ ಬಂದ ಮೇಲೆ ನೇರ ಅಡಿಗೆಮನೆಗೆ ಹೋಗಿ ಅವ್ವನ ಪಕ್ಕ ಕೂತ. "ಅಜ್ಜಿ, ರಾತ್ರಿ ಎದ್ದು ನನ್ನ ಬಾಯಿ ಮುಚ್ಚಿಸ್ತಿದ್ಯಂತೆ?" ಅಂದ. ಅವ್ವ, "ಊಂ ಕಣ್ಲಾ, ಈಗೊಬ್ನು ಹಗಲೊತ್ತೂ ಬಾಯಿ ಮುಚ್ಕೊಂಡ್ ಕುಂತವ್ನೆ, ಏನ್ಮಾಡಾನ" ಅಂದಳು. ಹುಡುಗ ನಕ್ಕ. ನಗುವಾಗ ಅವನ ಮುಖ ಥೇಟ್ ನಮ್ಮಪ್ಪನ ಹಾಗೇ. ಆಮೇಲೆ ಅವ್ವ ಅಟ್ಟದಿಂದ ಇಳಿಸಿದ್ದ ಕೊಬ್ಬರಿ ಒಡೆದು ಬೆಲ್ಲದ ಜೊತೆ ಕೊಟ್ಟಳು. ಇಬ್ಬರೂ ಅಗಿಯುತ್ತಾ ಮಾತಾಡುತ್ತಾ ಕೂತಿದ್ದರು.

ಗೆಳೆಯರೇ, ನಿಮ್ಮ ಮನೆಯಲ್ಲಿ ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಪುಟ್ಟ ಮಕ್ಕಳಿದ್ದರೆ "ದೊಡ್ಡವನಾದರೆ ಸರಿಹೋಗುತ್ತೆ" ಅನ್ನಬೇಡಿ, ಒಮ್ಮೆ ತೋರಿಸಿ. ಇನ್ನು ಕನ್ನಡಿ ಮುಂದೆ ನಿಂತು ಗದ್ದ ಅಳೆಯುವ ದೊಡ್ಡ ಹುಡುಗರಿದ್ದರೆ ನಗಬೇಡಿ. ನಾವು ನಕ್ಕಿದ್ದು ತಪ್ಪಾಯಿತು.

ನಿಮ್ಮ ಕಡೆ ಕೂಸಿಗೆ ನೀರು ಹಾಕುವಾಗ ಮೂಗು, ಗದ್ದಕ್ಕೆ ಏನೇನು ಮಾಡುತ್ತಿದ್ದರು? ಅಂಗುಳ ಒತ್ತುವುದಕ್ಕೆ ನಿಮ್ಮಲ್ಲಿ ಏನಂತಾರೆ? ನೆನಪಿದ್ದರೆ ಕೆಳಗೆ ಬರೆಯಿರಿ. ಅವ್ವನಿಗೆ ಓದಿ ಹೇಳುತ್ತೇನೆ.